ಕುರ್ಚಿ ಯಾರದು, ಕಾರುಬಾರು ಯಾರದು?

ನಮಸ್ಕಾರ್ರಿ ಎಲ್ಲಾರಿಗೂ. ಈ ಸಲ ಬಂದ ಪ್ರಶ್ನೆ ಎಲ್ಲಾ ತಿರಗಿ ಮುರಗಿ ಒಂದ ಕಡೆ ಬಂದು ನಿಂತಾವು, ಅಧಿಕಾರ ಅಂದ್ರೇನು, ಅದು ಯಾರ ಹಂತ್ಯಾಕ ಐತಿ ಅಂತ. ಧಾರವಾಡದಾಗ ಮೂವತ್ತು ವರ್ಷ ಪೊಲಿಟಿಕಲ್ ಸೈನ್ಸ್ ಕಲಿಸಿದಾವ ನಾನು, ಬೋರ್ಡಿನ ಮ್ಯಾಲ ಡೆಫಿನಿಷನ್ ಬರದು ಬರದು ಬಳ್ಳು ಸವದಾವು, ಆದ್ರ ಕ್ಲಾಸಿನ್ಯಾಗ ಒಬ್ಬ ಹುಡುಗನೂ ಕೇಳದಂಥಾ ಪ್ರಶ್ನೆ ನೀವು ಕೇಳೀರಿ. ಎಲ್ಲಾದಕ್ಕೂ ಜಾಗಾ ಹಿಡ್ಸೂದಿಲ್ಲ, ಆರಿಸಿಕೊಂಡೇನಿ, ಉಳದವರು ಸಿಟ್ಟಾಗಬ್ಯಾಡ್ರಿ.

ಪ್ರಶ್ನೆ: ಸರ್, ನಾನು ಪಿಯುಸಿ ಓದಾಕತ್ತೇನಿ. ಒಂದು ನೋಟ್ಸಿನ್ಯಾಗ ‘ಶಕ್ತಿ’ ಅಂತ ಐತಿ, ಇನ್ನೊಂದರಾಗ ‘ಅಧಿಕಾರ’, ಮತ್ತೊಂದರಾಗ ‘ಸತ್ತೆ’. ಮನ್ಯಾಗ ಅಪ್ಪನ್ನ ಕೇಳಿದ್ರ ಎಲ್ಲಾ ಒಂದ ಬಿಡು ಅಂದ್ರು. ಎಲ್ಲಾ ಒಂದೇನ್ರಿ?
— ಒಬ್ಬ ವಿದ್ಯಾರ್ಥಿನಿ, ಲಕ್ಷ್ಮೇಶ್ವರ

ಉತ್ತರ: ಒಂದಲ್ಲ ತಂಗಿ, ಆದ್ರ ನಿಮ್ಮ ಅಪ್ಪಾರದು ತಪ್ಪೂ ಅಲ್ಲ, ಯಾಕಂದ್ರ ಇಂಗ್ಲಿಷಿನ್ಯಾಗ ಪವರ್ ಬ್ಯಾರೆ, ಅಥಾರಿಟಿ ಬ್ಯಾರೆ, ನಮ್ಮ ಪೇಪರಿನ್ಯಾಗ ಎರಡಕ್ಕೂ ‘ಅಧಿಕಾರ’ ಅಂತನ ಬರೀತಾರ. ಆದ್ರ ಪೇಪರ್ ಬಿಟ್ಟು ಕಟ್ಟಿ ಮ್ಯಾಲ ಕುಂತವರ ಮಾತು ಕೇಳು. “ಅವರಿಗೆ ಹುದ್ದಾ ಐತ್ರಿ ಖರೇ, ಆದ್ರ ಅವರದೇನೂ ನಡ್ಯೂದಿಲ್ಲ” ಅಂತಾರ. “ಅವರಿಗೆ ಹುದ್ದಾ ಪದ್ದಾ ಏನಿಲ್ಲ, ಆದ್ರ ಅವರ ಮಾತಿಗೆ ವಜನ್ ಐತಿ” ಅಂತಾರ. ಮುಗೀತಲ್ಲ, ಪ್ರೊಫೆಸರ್ ಒಂದು ತಾಸು ಹೇಳೂದನ್ನ ಅವರು ಎಲಿ ಅಡಿಕಿ ಹಾಕ್ಕೊಂತ ಹೇಳಿಬಿಟ್ರು. ‘ನಡೀತೈತಿ’ ಅನ್ನೂದು ಶಕ್ತಿ. ‘ಹುದ್ದಾ ಐತಿ, ಹಕ್ಕು ಐತಿ’ ಅನ್ನೂದು ಅಧಿಕಾರ. ಎರಡೂ ಒಬ್ಬರ ಹಂತ್ಯಾಕ ಇರಬಹುದು, ಇರದನೂ ಇರಬಹುದು.

ಹೋದ ತಿಂಗಳ ಗದಗಿನಿಂದ ಹುಬ್ಬಳ್ಳಿಗೆ ಬರಾಕತ್ತಿದ್ದೆ. ಅಣ್ಣಿಗೇರಿ ಸ್ಟ್ಯಾಂಡಿನ್ಯಾಗ ಮಂದಿ ತುಂಬಿಬಿಟ್ರು. ಮಹಿಳೆಯರಿಗೆ ಅಂತ ಬರದ ಸೀಟಿನ್ಯಾಗ ಒಬ್ಬಾವ ಕುಂತಿದ್ದ, ಏನು ಆಳು ಅಂತಿ, ಬಾಗಲಾ ತುಂಬೂಹಂಗ, ಕೈಯಾಗ ಬೆಳ್ಳಿ ಕಡಗ. ಕಂಡಕ್ಟರ್ ನೋಡಿದ್ರ ಕಡ್ಡಿ ಪೈಲವಾನ, ಮೀಸಿನೂ ಸರಿಯಾಗಿ ಬಂದಿದ್ದಿಲ್ಲ. “ಅಣ್ಣಾರ, ಏಳ್ರಿ, ಲೇಡೀಸ್ ಸೀಟ್” ಅಂದ. ಆಳು ಒಮ್ಮೆ ಇವನ ಮುಖ ನೋಡಿದ, ಕಿಡಕ್ಯಾಗ ನೋಡಿದ, ಆಮ್ಯಾಲ ಗೊಣಗೊಣ ಅಂತ ಎದ್ದ. ಕೂಸು ಎತಗೊಂಡ ಹೆಣಮಗಳು ಕುಂತ್ಲು.

ಈಗ ಹೇಳು, ಯಾಕ ಎದ್ದ? ಮುಷ್ಟಿ ಲೆಕ್ಕಾ ಹಿಡದ್ರ ಆಂವ ಕಂಡಕ್ಟರ್‌ನ ಒಂದ ಕೈಲೆ ಎತ್ತಿ ಅಣ್ಣಿಗೇರಿ ಕೆರ್ಯಾಗ ಒಗೀಬಹುದಿತ್ತು. ಆದ್ರ ಆ ಖಾಕಿ ಅಂಗಿ, ಕುತಗಿಗೆ ಹಾಕ್ಕೊಂಡ ಚೀಲ, ಟಿಕೆಟ್ ಮಷಿನ್, ಅದರ ಹಿಂದ ಸಾರಿಗೆ ಸಂಸ್ಥೆ, ಅದರ ಹಿಂದ ಕಾನೂನು, ಬೇಕಾದ್ರ ಮುಂದಿನ ಪೊಲೀಸ್ ಸ್ಟೇಷನ್, ಇಷ್ಟೂ ಆ ಸಣ್ಣ ಹುಡುಗನ ಬೆನ್ನಿಗೆ ನಿಂತಾವು. ಅದಕ್ಕಿಂತ ದೊಡ್ಡದು ಏನಂದ್ರ, ಬಸ್ಸಿನ್ಯಾಗ ಇದ್ದವರೆಲ್ಲಾ ‘ಕಂಡಕ್ಟರ್ ಹೇಳಿದ್ದು ಬರೋಬ್ಬರಿ ಐತಿ’ ಅನ್ನೂ ಮುಖಾ ಮಾಡಿಕೊಂಡು ಆಳಿನ ಕಡೆ ನೋಡಾಕತ್ತಿದ್ರು. ಇದು ಅಧಿಕಾರ. ಅದ ಸೀಟಿನಿಂದ ಒಬ್ಬ ದಾದಾ ಬಂದು “ಏ ಏಳಲೇ” ಅಂತ ಎಬ್ಬಿಸಿದ್ರ ಅದು ಬರೇ ಶಕ್ತಿ. ಎರಡರಾಗೂ ಮನಷ್ಯಾ ಏಳ್ತಾನ, ಆದ್ರ ದಾದಾ ಆಕಡೆ ಹೋದಕೂಡಲೆ ವಾಪಸ್ ಬಂದು ಕುಂದರ್ತಾನ. ಕಂಡಕ್ಟರ್ ಹಿಂದ ಹೋಗಿ ಟಿಕೆಟ್ ಹರಿಯಾಕತ್ತಿದ್ರೂ ನಮ್ಮ ಆಳು ಹುಬ್ಬಳ್ಳಿ ತನಕಾ ನಿಂತ ಬಂದ.

ಇನ್ನೊಂದು ಗಮನಿಸು. ಶಕ್ತಿ ಯೋಜನೆ ಅಂತ 2023ರ ಜೂನ್ 11ಕ್ಕ ಶುರು ಆತಲ್ಲ, ಹೆಣ್ಮಕ್ಕಳಿಗೆ ಫ್ರೀ ಬಸ್. ಹೆಸರು ಶಕ್ತಿ, ನಡ್ಯೂದು ಅಧಿಕಾರದಿಂದ, ಮಜಾ ನೋಡು. ಕಂಡಕ್ಟರ್‌ಗೆ ಮನಸಿದ್ರೂ ಇಲ್ಲದಿದ್ರೂ ಆಧಾರ್ ನೋಡಿ ಝೀರೋ ಟಿಕೆಟ್ ಹರಿಯಾಕನ ಬೇಕು. ಅವನ ಅಧಿಕಾರ ಅವನದಲ್ಲ, ಮ್ಯಾಲಿಂದ ಬಂದದ್ದು, ಡಿಪೋದಾಗ ಮಷಿನ್ ಒಪ್ಪಿಸಿ ಮನಿಗೆ ಹೊಂಟ ಅಂದ್ರ ಆಂವನೂ ನಮ್ಮಂಗ ಒಬ್ಬ ಪ್ಯಾಸೆಂಜರ್. ನಮ್ಮ ಕಡೆ ಹೊಲಾ ಲಾವಣಿಗೆ ಹಾಕ್ತಾರಲ್ಲ, ಹಂಗ. ಉಳೂದು ಇಂವ, ಉತಾರದಾಗ ಹೆಸರು ಇನ್ನೊಬ್ಬರದು. ಯಾವ ಅಧಿಕಾರ ಕಂಡ್ರೂ ಎರಡು ಪ್ರಶ್ನೆ ಕೇಳ್ಕೊ, ಲಾವಣಿಗೆ ಹಾಕಿದವರು ಯಾರು, ಬಿಡಿಸಿಕೊಳ್ಳವರು ಯಾರು. ‘ಸತ್ತೆ’ ಅನ್ನೂ ಶಬ್ದ ಪರೀಕ್ಷಾಕ್ಕ ಬಂದ್ರ ಅಧಿಕಾರ ಅಂತನ ತಿಳ್ಕೊ, ಹೆದರಬ್ಯಾಡ.

ಪ್ರಶ್ನೆ: ನಮ್ಮ ಓಣಿ ರಸ್ತೆ ಹಾಳಾಗಿ ವರ್ಷ ಆತು. ಮೇಯರ್‌ಗೆ ಹೇಳಿದ್ರ ಕಮಿಷನರ್‌ಗೆ ಹೇಳ್ತೇನಿ ಅಂದ್ರು. ಮೇಯರ್ ಅಂದ್ರ ಊರಿನ ಪ್ರಥಮ ಪ್ರಜೆ ಅಂತಾರಲ್ರಿ, ಹಂಗಾದ್ರ ಅವರ ಕೈಯಾಗ ಏನೈತಿ?
— ಕೇಶ್ವಾಪುರದ ಓದುಗರು, ಹುಬ್ಬಳ್ಳಿ

ಉತ್ತರ: ಗೌನು ಐತ್ರಿ. ಚಾಷ್ಟಿ ಅಲ್ಲ, ಗೌನಿಗೂ ಕಿಮ್ಮತ್ತು ಐತಿ, ಸಭಾ ನಡಸೂದು ಅವರ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಒಳಗ 82 ವಾರ್ಡು, 82 ಕಾರ್ಪೊರೇಟರು, ಅವರೊಳಗ ಒಬ್ಬರು ಮೇಯರ್, ಒಂದ ವರ್ಷಕ್ಕ. ಒಂದು ವರ್ಷ ಅಂದ್ರ ನೋಡ್ರಿ, ಮೊದಲನೇ ಮೂರು ತಿಂಗಳ ಸನ್ಮಾನ, ಶಾಲು, ಹಾರಾ, ಕಡೀ ಮೂರು ತಿಂಗಳ ಮುಂದಿನ ಮೇಯರ್ ಯಾರು ಅನ್ನೂ ಗದ್ದಲ, ನಡುವ ಉಳಿಯೂದು ಎಷ್ಟು? 1976ರ ಪಾಲಿಕೆ ಕಾಯ್ದೆ ಪ್ರಕಾರ ಕಾರ್ಯಾಂಗದ ಅಧಿಕಾರ ಕಮಿಷನರ್ ಕಡೆ. ಕಮಿಷನರ್‌ನ ಕಳಸೂದು ರಾಜ್ಯ ಸರ್ಕಾರ, ವಾಪಸ್ ಕರಸೂದೂ ರಾಜ್ಯ ಸರ್ಕಾರ. ಸಭಾದಾಗ ಠರಾವು ಪಾಸ್ ಮಾಡೂದು ಆರಿಸಿ ಬಂದವರು, ಫೈಲಿಗೆ ಸಹಿ ಮಾಡಿ ಟೆಂಡರ್ ಕರಿಯೂದು ಕಮಿಷನರ್. ಟ್ರಾಫಿಕ್ ಪೊಲೀಸರು ಇಬ್ಬರ ಮಾತಿಗೂ ಬರೂದಿಲ್ಲ, ಅವರಿಗೆ ಪೊಲೀಸ್ ಕಮಿಷನರ್ ಬ್ಯಾರೆ. ಬಿಆರ್‌ಟಿಎಸ್ ಅಂತ ಹುಬ್ಬಳ್ಳಿ ಧಾರವಾಡ ನಡುವ ಬಸ್ ಓಡ್ತೈತೆಲ್ಲ, ಅದಕ್ಕ ಕಂಪನಿನ ಬ್ಯಾರೆ.

ಹಿಂಗಾಗಿ ನಿಮ್ಮ ಓಣಿ ಮುಂದಿನ ಒಂದ ತಗ್ಗಿಗೆ ನಾಕು ಮಂದಿ ಮಾಲಕರು, ಕೇಳಾಕ ಹೋದ್ರ ಯಾರೂ ಇಲ್ಲ. ಬ್ಯಾರೆ ದೇಶದ ಕೆಲವು ಊರಾಗ ಮೇಯರ್‌ನ ನೇರ ಮಂದಿನ ಆರಿಸ್ತಾರ, ಬಜೆಟ್ಟು, ಪೊಲೀಸು ಎಲ್ಲಾ ಅವರ ಕೈಯಾಗ ಇರತೈತಿ, ನಮ್ಮಲ್ಲೆ ಹಂಗಿಲ್ಲ. ನನ್ನ ಕೇಳಿದ್ರ ಒಂದು ವರ್ಷದ ಮೇಯರ್‌ಗಿರಿ ಅನ್ನೂದು ಅಧಿಕಾರ ಕೊಟ್ಟಂಗ ಮಾಡಿ ಕೊಡದ ಇರೂ ಶಾಣ್ಯಾತನ.

ಪಾಲಿಕೆ ಅಂದ್ರ ರಾಜ್ಯ ಸರ್ಕಾರದ ಕೂಸು ಅನ್ನೂದಕ್ಕ ಪುರಾವೆ ಬೇಕಂದ್ರ 2025ರ ಜನವರಿ ನೆನಸಿಕೊಳ್ರಿ, ಧಾರವಾಡಕ್ಕ ಬ್ಯಾರೆ ಪಾಲಿಕೆ ಮಾಡಾಕ ಬೆಂಗಳೂರಾಗ ಸಂಪುಟ ಒಪ್ಪಿಗೆ ಕೊಟ್ಟಿತು, 1962ರಿಂದ ಜೋಡಿ ಇದ್ದ ಊರು. ಗದಗ, ಹಾವೇರಿ ಧಾರವಾಡ ಜಿಲ್ಲಾದಿಂದ ಒಡದು ಬ್ಯಾರೆ ಜಿಲ್ಲಾ ಆಗಿದ್ದೂ ಹಂಗ, 1997ರಾಗ, ರಾಜ್ಯ ಸರ್ಕಾರದ ಒಂದು ಆದೇಶದಿಂದ. ಆದ್ರ ರಾಜ್ಯದ ಗಡಿ ಅಲ್ಲಾಡಸ್ಬೇಕಂದ್ರ ಅದ ಸರ್ಕಾರಕ್ಕ ಆಗೂದಿಲ್ಲ, ಸಂವಿಧಾನದ 3ನೇ ಕಲಂ ಪ್ರಕಾರ ಪಾರ್ಲಿಮೆಂಟಿಗೇ ಹೋಗಬೇಕು. ರಸ್ತೆ ಬಗ್ಗೆ ಏನು ಮಾಡಬೇಕು ಅನ್ನೂದನ್ನ ಕಡೀ ಪ್ರಶ್ನಾದಾಗ ಹೇಳೇನಿ, ಅಲ್ಲಿ ತನಕಾ ಗಾಡಿ ಸಾವಕಾಶ ಹೊಡೀರಿ.

ಪ್ರಶ್ನೆ: ನಮ್ಮ ತಾಲೂಕಿನ್ಯಾಗ ತಹಶೀಲ್ದಾರ್ ದೊಡ್ಡವರೋ ಎಮ್ಮೆಲ್ಲೆ ದೊಡ್ಡವರೋ?
— ಹೆಸರು ಬ್ಯಾಡ ಅಂದವರು, ಕುಂದಗೋಳ

ಉತ್ತರ: ಕಾಗದದ ಮ್ಯಾಲ ಎಮ್ಮೆಲ್ಲೆಗೆ ತಹಶೀಲ್ದಾರ್‌ಗೆ ಹುಕುಂ ಮಾಡೂ ಹಕ್ಕು ಇಲ್ಲ, ಎಮ್ಮೆಲ್ಲೆ ಕೆಲಸ ಕಾಯ್ದೆ ಮಾಡೂದು, ಸರ್ಕಾರನ ಸದನದಾಗ ಕೇಳೂದು. ಉತಾರ, ಜಾತಿ ಆದಾಯ ಸರ್ಟಿಫಿಕೇಟು, ಎಲ್ಲಾ ತಹಶೀಲ್ದಾರ್ ಸಹಿ, ಮ್ಯಾಲ ತಾಲೂಕಾ ದಂಡಾಧಿಕಾರಿ ಬ್ಯಾರೆ. ಆದ್ರ ಟ್ರಾನ್ಸ್‌ಫರ್ ಅಂತ ಒಂದು ಶಬ್ದ ಐತಲ್ರಿ. ಇದಕ್ಕಿಂತ ಹೆಚ್ಚು ಬರದ್ರ ನೀವು ಹೆಸರು ಬ್ಯಾಡ ಅಂದಂಗ ನಾನೂ ಅನಬೇಕಾಗ್ತೈತಿ.

ಪ್ರಶ್ನೆ: ಸರ್, ನಾನು ಗ್ರಾಮ ಪಂಚಾಯ್ತಿ ಅಧ್ಯಕ್ಷೆ. ಮೀಸಲಾತಿ ಬಂತು ಅಂತ ನಿಲ್ಲಿಸಿದ್ರು, ಆರಿಸಿ ಬಂದೆ. ಮೀಟಿಂಗಿಗೆ ನಮ್ಮ ಮನಿಯವರ ಹೋಗ್ತಾರ, ಮಂದಿನೂ ಅವರನ್ನ ‘ಅಧ್ಯಕ್ಷರ’ ಅಂತ ಕರೀತಾರ. ನನಗೇನೂ ತಿಳ್ಯೂದಿಲ್ಲ ಅಂತಲ್ಲ, ಹತ್ತನೇತ್ತೆ ಪಾಸಾಗೇನಿ. ಹೆಂಗ ಮಾಡ್ಲಿ?
— ಒಬ್ಬ ಅಕ್ಕ, ಹಾವೇರಿ ಜಿಲ್ಲೆ

ಉತ್ತರ: ಅಕ್ಕಾರ, ನಿಮ್ಮ ಪತ್ರಾ ಎರಡು ಸಲ ಓದಿದೆ. ‘ಹತ್ತನೇತ್ತೆ ಪಾಸಾಗೇನಿ’ ಅನ್ನೂದರ ಕೆಳಗ ಗೆರಿ ಎಳದೀರಿ, ಆ ಗೆರಿ ನೋಡಿ ಸ್ವಲ್ಪ ಹೊತ್ತು ಸುಮ್ಮ ಕುಂತೆ.

ಮ್ಯಾಲ ಲಕ್ಷ್ಮೇಶ್ವರದ ಹುಡುಗಿಗೆ ಹೇಳಿದ್ದು ನಿಮ್ಮ ಮನಿಯೊಳಗನ ನಡದೈತಿ. ಅಧಿಕಾರ ನಿಮ್ಮದು, ಶಕ್ತಿ ಅವರದು. ನೀವು ಅನಕೊಂಡಿರಬಹುದು ಶಕ್ತಿ ಇರೂ ಕಡೆನ ಎಲ್ಲಾ ಐತಿ ಅಂತ, ಆದ್ರ ನಿಮ್ಮ ಮನಿಯವರು ಎಷ್ಟ ಕಾರುಬಾರು ಮಾಡ್ಲಿ, ಒಂದ ಒಂದು ಕೆಲಸ ಮಾತ್ರ ಅವರ ಕೈಲೆ ಆಗೂದಿಲ್ಲ, ನಿಮ್ಮ ಸಹಿ. ಪಂಚಾಯ್ತಿ ರೊಕ್ಕಾ ಹೊರಗ ಹೋಗಬೇಕಂದ್ರ ಅಧ್ಯಕ್ಷರದು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರದು, ಇಬ್ಬರದೂ ಸಹಿ ಬೇಕು. ಈಗ ಡಿಎಸ್‌ಸಿ ಅಂತ ಡಿಜಿಟಲ್ ಸಹಿ ಬಂದೈತಿ, ಪೆನ್‌ಡ್ರೈವ್ ಗತೆ ಇರತೈತಿ, ಕಂಪ್ಯೂಟರಿಗೆ ಸಿಗಿಸಿದ್ರ ಅದ ನಿಮ್ಮ ಸಹಿ. ಆ ಡಿಎಸ್‌ಸಿ ಈಗ ಎಲ್ಲೈತ್ರಿ? ನನ್ನ ಅಂದಾಜು, ಮನಿಯವರ ಅಂಗಿ ಕಿಸೆದಾಗ, ಇಲ್ಲಾ ಪಂಚಾಯ್ತಿ ಆಪರೇಟರ್ ಡ್ರಾವರಿನ್ಯಾಗ. ಪಾಸ್‌ವರ್ಡು ಅದರ ಮ್ಯಾಲನ ಚೀಟಿ ಹಚ್ಚಿ ಬರದಿರ್ತಾರ. ಮೊದಲ ಅದನ್ನ ಇಸಗೊಳ್ರಿ, ಜಗಳಾ ತಗೀಬ್ಯಾಡ್ರಿ, ‘ನನ್ನ ಹೆಸರಿಲೆ ಐತಿ, ನನ್ನ ಹಂತ್ಯಾಕ ಇರ್ಲಿ’ ಅನ್ರಿ, ದೇವರ ಜಗಲಿ ಮ್ಯಾಲ ಕುಂಕುಮದ ಡಬ್ಬಿ ಬಾಜೂಕ ಇಟಗೊಳ್ರಿ. ನಾಳೆ ಲೆಕ್ಕದಾಗ ಹೆಚ್ಚು ಕಮ್ಮಿ ಆಗಿ ರಿಕವರಿ ಬಂತಂದ್ರ ನೋಟಿಸ್ ಬರೂದು ನಿಮ್ಮ ಹೆಸರಿಗೆ, ಆಗ ‘ಮನಿಯವರು ಮಾಡಿದ್ರು’ ಅಂದ್ರ ಯಾರೂ ಕೇಳೂದಿಲ್ಲ. ಈ ಮಾತನ್ನ ಮನಿಯವರಿಗೂ ಓದಿ ಹೇಳ್ರಿ, ಹೆಂಡತಿ ಮ್ಯಾಲ ಕೇಸ್ ಆಗ್ತೈತಿ ಅಂದ್ರ ಗಂಡಸರಿಗೂ ಅರ್ಥ ಆಗ್ತೈತಿ.

ಎರಡನೇದು, ನಡಾವಳಿ ಪುಸ್ತಕ. ಸಹಿ ಮಾಡೂ ಮೊದಲ ಪಿಡಿಒ ಅವರಿಗೆ ‘ಠರಾವು ಒಮ್ಮೆ ಓದ್ರಿ, ಕೇಳ್ತೇನಿ’ ಅನ್ರಿ. ಇಷ್ಟ. ಮೀಟಿಂಗಿನ್ಯಾಗ ಭಾಷಣ ಏನೂ ಬ್ಯಾಡ. ಮೀಟಿಂಗ್ ಅನ್ನೂದು ಸದಸ್ಯರದು, ಸದಸ್ಯರಲ್ಲದ ಗಂಡನಿಗೆ ಅಲ್ಲಿ ಕುರ್ಚಿ ಇಲ್ಲ, ಇದು ನನ್ನ ಮಾತಲ್ಲ, ಕಾನೂನಿಂದು. ನಿಮ್ಮನ್ನ ಇಳಸಬೇಕಂದ್ರ ಮೂರನೇ ಎರಡರಷ್ಟು ಸದಸ್ಯರು ಅವಿಶ್ವಾಸಕ್ಕ ಕೈ ಎತ್ತಬೇಕು, ಮನಿಯವರು ಸಿಟ್ಟಾದ್ರ ಅಧ್ಯಕ್ಷಗಿರಿ ಹೋಗೂದಿಲ್ಲ.

ಈ ಮೀಸಲಾತಿ ಪುಕ್ಕಟೆ ಸಿಕ್ಕಿದ್ದಲ್ಲ ಅನ್ನೂದಕ್ಕ ಒಂದೆರಡು ಮಾತು. ರಾಮಕೃಷ್ಣ ಹೆಗಡೆಯವರ ಸರ್ಕಾರ ಇದ್ದಾಗ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ, ಊರೂರಿಗೆ ಬೋರ್ ಹಾಕಿಸಿ ‘ನೀರ ಸಾಬ್’ ಅನಿಸಿಕೊಂಡವರು. 1983ರ ಕಾಯ್ದೆ ಒಳಗ ಹೆಣ್ಮಕ್ಕಳಿಗೆ ನೂರಕ್ಕ 25 ಸೀಟು ಇಟ್ರು, ಆವಾಗ ಹಳ್ಯಾಗ ಮಂದಿ ನಕ್ಕಿದ್ರು. ಸಂವಿಧಾನದ 73ನೇ ತಿದ್ದುಪಡಿ ಆದಮ್ಯಾಲ ಮೂರನೇ ಒಂದು ಪಾಲು ಆತು, ಈಗ ನಮ್ಮ ರಾಜ್ಯದಾಗ ಅರ್ಧ. ಮಂಡಲ ಪಂಚಾಯ್ತಿ ಕಾಲದಾಗ ಸೆರಗು ಹೊತಗೊಂಡು ಬಾಗಲದಾಗ ನಿಂತ ಹೆಣ್ಮಕ್ಕಳನ್ನ ನಾನ ನೋಡೇನಿ, ನೀವು ಮ್ಯಾಗಝಿನ್ನಿಗೆ ಪತ್ರಾ ಬರೀಲಿಕತ್ತೀರಿ. ಮುಂದಿನ ಮೀಟಿಂಗ್ ಏನಾತು ಅಂತ ಮತ್ತ ಬರೀರಿ, ನಾನು ಕಾಯ್ತೇನಿ.

ಪ್ರಶ್ನೆ: ನಮ್ಮ ಅಜ್ಜಗ ಈಗ ಎಂಬತ್ತರ ಮ್ಯಾಲ. ಜುಲೈ ಬಂತಂದ್ರ ‘ನರಗುಂದ ಬಂಡಾಯ’ದ ಕಥಿ ಹೇಳ್ತಾನ. ಅಷ್ಟು ಪೊಲೀಸರು, ಅಷ್ಟು ದೊಡ್ಡ ಸರ್ಕಾರ ಇದ್ರೂ ರೈತರಿಗೆ ಯಾಕ ಬಗ್ಗಿತು? ಮಂದಿ ಒಪ್ಪಲಿಲ್ಲಂದ್ರ ಸರ್ಕಾರ ನಡ್ಯೂದಿಲ್ಲೇನ್ರಿ?
— ಯುವ ರೈತ, ನವಲಗುಂದ ತಾಲೂಕು

ಉತ್ತರ: ತಮ್ಮಾ, ನಿಮ್ಮ ಅಜ್ಜಾರನ್ನ ಮೊದಲ ಫೋನಿನ್ಯಾಗ ರೆಕಾರ್ಡ್ ಮಾಡ್ಕೊ. ನನ್ನ ಉತ್ತರಾ ಆಮ್ಯಾಲ ಓದಿದ್ರೂ ನಡೀತೈತಿ.

ಕಥಿ ಗೊತ್ತಿಲ್ಲದವರಿಗೆ ಚುಟುಕಾಗಿ: ನವಿಲುತೀರ್ಥದಾಗ ಮಲಪ್ರಭಾಕ್ಕ ಡ್ಯಾಮ್ ಕಟ್ಟಿದ್ರು, ಕಾಲವಿ ತಗದ್ರು. ನೀರು ಬಂದ್ರ ಹೊಲದ ಕಿಮ್ಮತ್ತು ಏರತೈತಿ, ಅದರಾಗ ಸರ್ಕಾರಕ್ಕ ಪಾಲು ಕೊಡ್ರಿ ಅಂತ ಬೆಟರ್‌ಮೆಂಟ್ ಲೇವಿ ಹಾಕಿದ್ರು. ಕೆಲವರ ಹೊಲಕ್ಕ ನೀರ ಬಂದಿದ್ದಿಲ್ಲ, ಬಂದವರ ಯರಿ ಭೂಮಿ ಜೌಗು ಹಿಡದಿತ್ತು, ಹತ್ತಿ ರೇಟು ಬಿದ್ದಿತ್ತು. ನೀರಿಲ್ಲದ ಹೊಲಕ್ಕೂ ಲೇವಿ ನೋಟಿಸು. ರೈತರು ನರಗುಂದ, ನವಲಗುಂದ, ಸವದತ್ತಿ ಸುತ್ತಲ ಒಟ್ಟಾದ್ರು, ತಹಶೀಲ್ದಾರ್ ಕಚೇರಿ ಮುಂದ ಕುಂತ್ರು. 1980ರ ಜುಲೈ 21ಕ್ಕ ಗೋಲಿಬಾರ್ ಆತು, ರೈತರೂ ಸತ್ರು, ಗದ್ದಲದಾಗ ಪೊಲೀಸರೂ ಸತ್ರು. ಅದಾದಮ್ಯಾಲ ಬೆಂಕಿ ರಾಜ್ಯದ ತುಂಬ ಹಬ್ಬಿತು, ಅದ ವರ್ಷ ರಾಜ್ಯ ರೈತ ಸಂಘ ಹುಟ್ಟಿತು.

ಈಗ ನಿನ್ನ ಪ್ರಶ್ನೆ. ಲೇವಿ ಹಾಕಿದ್ದು ಕಾನೂನಿನ ಪ್ರಕಾರ ಬರೋಬ್ಬರಿನ ಇತ್ತು. ಸಿಕ್ಕಾ ಇತ್ತು, ಸಹಿ ಇತ್ತು. ಇರದ ಇದ್ದದ್ದು ‘ಇದು ನ್ಯಾಯ ಐತಿ’ ಅನ್ನೂ ಒಪ್ಪಿಗಿ. ಪಾಠದಾಗ ಇದಕ್ಕ ನ್ಯಾಯಸಮ್ಮತತೆ ಅಂತ ಉದ್ದಂದು ಶಬ್ದ ಇಟ್ಟಾರ, ಹೇಳಾಕ ನಾಲಿಗಿ ತೊಡರತೈತಿ, ನಾವು ಒಪ್ಪಿಗಿ ಅನ್ನೂಣು. ಸರ್ಕಾರ ಅನ್ನೂದು ದಿನಾ ಬಂದೂಕಿನ ಮ್ಯಾಲ ನಡ್ಯೂದಿಲ್ಲಪಾ, ಪ್ರತಿ ಹೊಲದ ಬದುವಿನ ಮ್ಯಾಲ ಒಬ್ಬೊಬ್ಬ ಪೊಲೀಸನ್ನ ನಿಲ್ಲಸಾಕ ಯಾವ ಸರ್ಕಾರದ ಹಂತ್ಯಾಕೂ ಅಷ್ಟು ಪೊಲೀಸರಿಲ್ಲ. ನೂರರಾಗ ತೊಂಬತ್ತು ಮಂದಿ ತಾವಾಗಿ ಕಂದಾಯ ತುಂಬಿದ್ರನ ಉಳದ ಹತ್ತು ಮಂದಿ ಬೆನ್ನ ಹತ್ತಾಕ ಬರ್ತೈತಿ. ತೊಂಬತ್ತು ಮಂದಿ ತುಂಬೂದಿಲ್ಲ ಅಂದ ದಿನಾ ಸರ್ಕಾರದ ಕೈಯಾಗ ಉಳದಿದ್ದು ಲಾಠಿ, ಬಂದೂಕು, ಅದನ್ನ ತಗದ ದಿನಾ ಇದ್ದ ಒಪ್ಪಿಗಿನೂ ಹೋತು. ಕಡೀಕ ಸರ್ಕಾರ ಲೇವಿ ವಿಷಯದಾಗ ಹಿಂದ ಸರಿಯಬೇಕಾತು. ಗುಂಡೂರಾವ್ ಅವರು ಆವಾಗ ಮುಖ್ಯಮಂತ್ರಿ. 1983ರ ಜನವರಿ ಇಲೆಕ್ಷನ್ನಿನ್ಯಾಗ ಅವರ ಸರ್ಕಾರ ಹೋತು, ರಾಮಕೃಷ್ಣ ಹೆಗಡೆ ಬಂದ್ರು, ಕರ್ನಾಟಕದಾಗ ಮೊದಲನೇ ಸಲ ಕಾಂಗ್ರೆಸ್ಸೇತರ ಸರ್ಕಾರ. ನರಗುಂದ ಒಂದರಿಂದನ ಆತು ಅಂತ ನಾನು ಹೇಳೂದಿಲ್ಲ, ಬ್ಯಾರೆ ಕಾರಣಾನೂ ಇದ್ವು, ಆದ್ರ ನಮ್ಮ ಕಡೆಯಿಂದ ಅದು ದೊಡ್ಡ ಕಾರಣ.

ಇಲ್ಲೆ ಇನ್ನೊಂದು ಸೂಕ್ಷ್ಮ ಐತಿ. 1983ರಾಗ ಬಿದ್ದಿದ್ದು ಸರ್ಕಾರ. ಅದ ತಹಶೀಲ್ದಾರ್ ಕಚೇರಿ, ಅದ ಪೊಲೀಸ್ ಸ್ಟೇಷನ್, ಅದ ಕೋರ್ಟು ಮರುದಿನಾನೂ ಬಾಗಲಾ ತಗದ್ವು. ಅದಕ್ಕ ಪ್ರಭುತ್ವ ಅಂತಾರ. ಬಸ್ಸು ಪ್ರಭುತ್ವ, ಡ್ರೈವರ್ ಸರ್ಕಾರ ಅನ್ಕೊ, ಐದು ವರ್ಷಕ್ಕೊಮ್ಮೆ ಡ್ರೈವರ್ ಬದಲಾಗ್ತಾನ, ಕೆಲವೊಮ್ಮೆ ನಡುದಾರ್ಯಾಗ. ಜರ್ಮನಿಯ ಮ್ಯಾಕ್ಸ್ ವೇಬರ್ ಅನ್ನಾವ 1919ರಾಗ ಒಂದು ಭಾಷಣದಾಗ ಹೇಳ್ದ, ಒಂದು ಸೀಮಿ ಒಳಗ ಬಲಾ ಬಳಸೂ ಹಕ್ಕು ನನಗೊಬ್ಬನಿಗೇ ಐತಿ ಅಂತ ಹೇಳಿ ಅದನ್ನ ಮಂದಿ ಕಡಿಂದ ಒಪ್ಪಿಸಿಕೊಳ್ಳೂದ ಪ್ರಭುತ್ವ ಅಂತ. ‘ಒಪ್ಪಿಸಿಕೊಳ್ಳೂದು’ ಅನ್ನೂದರ ಮ್ಯಾಲ ಕಣ್ಣಿಡು. ನರಗುಂದದಾಗ ಇದು ಹೊಸಾದೂ ಅಲ್ಲ, 1858ರಾಗ ಬಾಬಾಸಾಹೇಬ ಇಂಗ್ಲಿಷರ ಮ್ಯಾಲ ತಿರಗಿ ಬಿದ್ದದ್ದು ದತ್ತಕಕ್ಕ ಒಪ್ಪಿಗಿ ಕೊಡಲಿಲ್ಲ ಅನ್ನೂ ಸಿಟ್ಟಿನಿಂದ, ಅಂದ್ರ ಗಾದಿ ಮ್ಯಾಲ ಯಾರು ಕುಂದರಬೇಕು ಅನ್ನಾಕ ನೀವ್ಯಾರು ಅನ್ನೂ ಪ್ರಶ್ನೆದಿಂದ. ಅವರನ್ನ ಬೆಳಗಾವ್ಯಾಗ ಗಲ್ಲಿಗೆ ಹಾಕಿದ್ರು.

ಪ್ರಶ್ನೆ: ರಾಜ್ಯಪಾಲರು ಸಹಿ ಹಾಕಿದ್ರನ ಕಾಯ್ದೆ, ಪ್ರಮಾಣ ವಚನ ಬೋಧಿಸೂದೂ ಅವರು. ಹಂಗಾದ್ರ ಮುಖ್ಯಮಂತ್ರಿನ ಅವರು ತಗದೂ ಹಾಕಬಹುದಲ್ಲ?
— ಶಿಗ್ಗಾಂವಿಯ ಓದುಗರು

ಉತ್ತರ: ಶಿಗ್ಗಾಂವಿಯವರ ಇದನ್ನ ಕೇಳೂದಂದ್ರ, ಬ್ಯಾಡಗಿಯವರು ಮೆಣಸಿನಕಾಯಿ ಖಾರ ಇರತೈತೇನ್ರಿ ಅಂತ ಕೇಳಿದಂಗಾತು! ಈ ಪ್ರಶ್ನೆಕ್ಕ ಇಡೀ ದೇಶಕ್ಕ ಉತ್ತರಾ ಸಿಕ್ಕಿದ್ದು ನಿಮ್ಮ ಕಡೆಯ ಕಾರಡಗಿಯೊಳಗ ಹುಟ್ಟಿದ ಎಸ್.ಆರ್. ಬೊಮ್ಮಾಯಿಯವರ ಹೆಸರಿಲೆ.

1988ರ ಆಗಸ್ಟ್‌ನ್ಯಾಗ ಅವರು ಮುಖ್ಯಮಂತ್ರಿ ಆದ್ರು. 1989ರ ಏಪ್ರಿಲ್‌ನ್ಯಾಗ ಒಬ್ಬ ಶಾಸಕರು 19 ಸಹಿ ಪತ್ರಾ ತಗೊಂಡು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕಡೆ ಹೋದ್ರು, ಇವರಿಗೆ ಬಹುಮತ ಇಲ್ಲ ಅಂತ. ಮರುದಿನಾನ ಅದರಾಗಿನ ಏಳು ಮಂದಿ, ನಮಗ ತಪ್ಪು ತಿಳಿಸಿ ಸಹಿ ತಗೊಂಡಾರ ಅಂತ ಬರಕೊಟ್ರು. ಬೊಮ್ಮಾಯಿಯವರು ಕೇಳಿದ್ದು ಭಾಳ ಸಾದಾ, ಸದನ ಕರೀರಿ, ಅಲ್ಲೆ ತಲಿ ಎಣಿಸಿಬಿಡೂಣು. ಎಣಸಲಿಲ್ಲ. ಏಪ್ರಿಲ್ 21ಕ್ಕ 356ನೇ ಕಲಂ, ಅಂದ್ರ ರಾಷ್ಟ್ರಪತಿ ಆಳ್ವಿಕಿ ಹೇರೂ ಕಲಂ, ಹಚ್ಚಿ ಸರ್ಕಾರ ವಜಾ.

ಅವರು ಕೋರ್ಟಿಗೆ ಹೋದ್ರು, ಹೈಕೋರ್ಟಿನ್ಯಾಗ ಸೋತ್ರು, ಸುಪ್ರೀಂ ಕೋರ್ಟಿಗೆ ಹೋದ್ರು. 1994ರ ಮಾರ್ಚ್ 11ಕ್ಕ ಒಂಬತ್ತು ಜಡ್ಜ್‌ಗಳ ಪೀಠ ಹೇಳಿತು, ಬಹುಮತ ಐತೋ ಇಲ್ಲೋ ಅಂತ ನೋಡೂ ಜಾಗಾ ವಿಧಾನಸಭೆ, ರಾಜಭವನ ಅಲ್ಲ, ಮತ್ತ ರಾಷ್ಟ್ರಪತಿ ಆಳ್ವಿಕಿ ಹೇರಿದ್ದನ್ನೂ ಕೋರ್ಟು ಪರೀಕ್ಷಾ ಮಾಡಬಹುದು. ಕರ್ನಾಟಕದಾಗ ಮಾಡಿದ್ದು ಸಂವಿಧಾನಬಾಹಿರ ಅಂತನೂ ಬರೀತು. ಬೊಮ್ಮಾಯಿಯವರಿಗೆ ಖುರ್ಚಿ ವಾಪಸ್ ಬರಲಿಲ್ಲ, ಅಷ್ಟೊತ್ತಿಗೆ ಇಲೆಕ್ಷನ್ ಆಗಿ ಬ್ಯಾರೆ ಸರ್ಕಾರ ಬಂದು ವರ್ಷಗಟ್ಟಲೆ ಆಗಿತ್ತು. ಕೇಸ್ ಗೆದ್ದು ಖುರ್ಚಿ ಸಿಗದವರು, ಆದ್ರ ಅವರ ಕೇಸಿನ ಮ್ಯಾಲ ಮುಂದ ಎಷ್ಟು ಮುಖ್ಯಮಂತ್ರಿಗಳ ಖುರ್ಚಿ ಉಳದಾವ ಲೆಕ್ಕಾ ಇಲ್ಲ. ಧಾರವಾಡದ ಲಾ ಕಾಲೇಜಿನ ಹುಡುಗರು ‘ಬೊಮ್ಮಾಯಿ ಕೇಸ್, ಬೊಮ್ಮಾಯಿ ಕೇಸ್’ ಅಂತ ಗಿಣಿಗತೆ ಹೇಳ್ತಿರ್ತಾರ, ಅವರಾಗ ಎಷ್ಟು ಮಂದಿಗೆ ಈ ಬೊಮ್ಮಾಯಿ ಹುಬ್ಬಳ್ಳಿ ಗ್ರಾಮೀಣದಿಂದ ಆರಿಸಿ ಬಂದಿದ್ದವರು ಅಂತ ಗೊತ್ತೈತೋ ಏನೋ.

ಅಂದಹಾಗ, ಕಾಗದದ ಮ್ಯಾಲ ನೋಡಿದ್ರ ರಾಜ್ಯದ ಕಾರ್ಯಾಂಗದ ಅಧಿಕಾರ ಎಲ್ಲಾ ರಾಜ್ಯಪಾಲರದ, 154ನೇ ಕಲಂ ಓದ್ರಿ. ಸರ್ಕಾರಿ ಆದೇಶದ ಕೆಳಗ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಅಂತ ಇರತೈತಿ. ಆದ್ರ ಅವರು ನಡೀಬೇಕಾಗಿದ್ದು ಮಂತ್ರಿಮಂಡಲದ ಸಲಹೆ ಮ್ಯಾಲ. 224 ಸೀಟಿನ ಸದನದಾಗ 113 ತಲಿ ಇದ್ದವರಿಗೆ ನಡೀತೈತಿ. 2018ರ ಮೇದಾಗ ಯಡಿಯೂರಪ್ಪನವರಿಗೆ ಬಹುಮತ ತೋರಸಾಕ ರಾಜ್ಯಪಾಲರು 15 ದಿನಾ ಕೊಟ್ರು, ಸುಪ್ರೀಂ ಕೋರ್ಟು ಅದನ್ನ ಕಡಿಮಿ ಮಾಡಿ ಮೇ 19ಕ್ಕ ಎಣಸ್ರಿ ಅಂತು, ಎಣಸೂ ಮೊದಲ ಅವರು ರಾಜೀನಾಮೆ ಕೊಟ್ರು. ಟಿವಿ ಮುಂದ ನಾವೆಲ್ಲಾ ಮಂಡಕ್ಕಿ ಗಿರಮಿಟ್ ತಿನಕೊಂತ ಕುಂತಿದ್ವಲ್ಲ, ಅದು ಕಾರಡಗಿಯವರ ಕೇಸಿನ ಮೊಮ್ಮಗು.

ಪ್ರಶ್ನೆ: ನಮ್ಮೂರ ಗೌಡ್ರಿಗೆ ಯಾವ ಹುದ್ದಾನೂ ಇಲ್ಲ. ಆದ್ರೂ ಜಗಳಾ ಬಿದ್ರ ಮಂದಿ ಪಂಚಾಯ್ತಿಗೆ ಹೋಗೂದಿಲ್ಲ, ಅವರ ವಾಡೇಕ ಹೋಗ್ತಾರ. ಅದಕ್ಕೇನಂತೀರಿ?
— ಮುಂಡರಗಿ ಕಡೆಯವರು

ಉತ್ತರ: ಹಳೇ ರೂಢಿ ಅಂತೇನ್ರಿ. ಮೊದಲ ಗೌಡ್ಕಿ, ಕುಲಕರ್ಣಿಕಿ ವಂಶದಿಂದ ಬರೂ ಹುದ್ದಾ ಇದ್ವು, ಗೌಡಗ ಇನಾಮ್ ಹೊಲ, ಕೈಕೆಳಗ ವಾಲಿಕಾರ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಿಂದ ಜಾರಿ ಆತು, ಕುಲಕರ್ಣಿ ಜಾಗಾಕ್ಕ ಪಗಾರದ ತಲಾಟಿ ಬಂದ, ಈಗ ಹೆಸರು ಬದಲಿ ಮಾಡಿ ಗ್ರಾಮ ಆಡಳಿತ ಅಧಿಕಾರಿ ಅಂತಾರ, ಮಂದಿ ಬಾಯಾಗ ತಲಾಟಿನ. 1974ರ ಭೂಸುಧಾರಣೆದಾಗ ಭಾಳ ಕಡೆ ಗೌಡ್ರ ಹೊಲಾನೂ ಹೋತು. ಹುದ್ದಾ ಹೋತು, ಹೊಲಾ ಹೋತು, ಹೆಸರು ಮಾತ್ರ ಉಳೀತು. ಮ್ಯಾಲ ಹೇಳಿದ್ನಲ್ಲ ವೇಬರ್, ಆಂವ ಅಧಿಕಾರ ಮೂರು ನಮೂನಿ ಅಂದ, ರೂಢಿಯಿಂದ ಬಂದದ್ದು, ಒಬ್ಬ ವ್ಯಕ್ತಿಯ ತೇಜಸ್ಸಿನಿಂದ ಬಂದದ್ದು, ಕಾನೂನಿನಿಂದ ಬಂದದ್ದು. ಗೌಡ್ರು, ಸಿದ್ಧಾರೂಢರಂಥಾವರು, ತಲಾಟಿ, ಮೂರೂ ನಮ್ಮ ಕಡೆ ಒಂದ ಜಾತ್ರ್ಯಾಗ ಸಿಗ್ತಾರ.

ಆದ್ರ ಒಂದು ಮಾತು. ವಾಡೇಕ ಹೋದ ಜಗಳದಾಗ ಗೌಡ್ರು ಕೊಟ್ಟ ತೀರ್ಪು ನಿಮಗ ಒಪ್ಪಿಗಿ ಆಗಲಿಲ್ಲಂದ್ರ ಅಪೀಲು ಎಲ್ಲೆ? ಇಲ್ಲ. ತಲಾಟಿ ತಪ್ಪು ಮಾಡಿದ್ರ ತಹಶೀಲ್ದಾರ್, ಅವರ ಮ್ಯಾಲ ಎಸಿ, ಅವರ ಮ್ಯಾಲ ಡಿಸಿ, ಬೇಕಾದ್ರ ಧಾರವಾಡದಾಗ ಹೈಕೋರ್ಟ್ ಪೀಠ, 2008ರಾಗ ಸಂಚಾರಿ ಪೀಠ ಅಂತ ಬಂದದ್ದು 2013ರಿಂದ ಕಾಯಂ. ಅಲ್ಲೆ ಸರ್ಕಾರನ ಕಟ್ಟಿದ ಬಿಲ್ಡಿಂಗಿನ್ಯಾಗ ಸರ್ಕಾರಕ್ಕ ನೋಟಿಸ್ ಕೊಡ್ತಾರ. ಖರ್ಚು ಆಗ್ತೈತಿ, ವರ್ಷಾನುಗಟ್ಟಲೆ ಎಳೀತೈತಿ, ಅದಕ್ಕ ಮಂದಿ ವಾಡೇಕ ಹೋಗ್ತಾರ, ನಾನು ಬೈಯೂದಿಲ್ಲ. ಹೆಣ್ಮಕ್ಕಳ ವಿಷಯ, ಜಾತಿ ವಿಷಯ ಬಂದಾಗ ಮಾತ್ರ ವಾಡೇಕ ಹೋಗಬ್ಯಾಡ್ರಿ, ಸೀದಾ ಸ್ಟೇಷನ್ನಿಗೆ ಹೋಗ್ರಿ.

ಪ್ರಶ್ನೆ: ಓಣ್ಯಾಗ ಲೈಟ್ ಹತ್ತದ ಎರಡು ತಿಂಗಳಾತು. ಎಮ್ಮೆಲ್ಲೆಗೆ ಹೇಳ್ಬೇಕೋ, ಡಿಸಿಗೆ ಬರೀಬೇಕೋ?
— ರಾಣೆಬೆನ್ನೂರು

ಉತ್ತರ: ಇಬ್ಬರಿಗೂ ಬ್ಯಾಡ್ರಿ. ರಾಣೆಬೆನ್ನೂರು ನಗರಸಭೆ, ಬೀದಿ ದೀಪ ಅವರ ಕೆಲಸ, ಅರ್ಜಿ ಪೌರಾಯುಕ್ತರ ಹೆಸರಿಗೆ. ಹುಬ್ಬಳ್ಳಿಯವರ ರಸ್ತೆಗೂ ಇದ ದಾರಿ, ಅಲ್ಲೆ ಪಾಲಿಕೆ ಕಮಿಷನರ್ ಅಂತ ಬರೀರಿ. ಅರ್ಧ ಹಾಳಿ ಸಾಕು, ಕಂಬದ ನಂಬರ್ ಹಾಕ್ರಿ, ಬಾಜೂ ಮನಿ ನಾಕು ಮಂದಿ ಸಹಿ ತಗೊಳ್ರಿ, ಒಂದು ಕಾಪಿ ನಿಮ್ಮ ವಾರ್ಡ್ ಮೆಂಬರ್‌ಗೆ. ತಿಂಗಳಾದ್ರೂ ಏನೂ ಆಗಲಿಲ್ಲಂದ್ರ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ್ಯಾಗ ‘ನನ್ನ ಅರ್ಜಿ ಮ್ಯಾಲ ಏನು ಕ್ರಮ ತಗೊಂಡೀರಿ, ಫೈಲ್ ಯಾರ ಟೇಬಲ್ ಮ್ಯಾಲ ಐತಿ’ ಅಂತ ಕೇಳ್ರಿ, 30 ದಿನದಾಗ ಉತ್ತರಾ ಕೊಡಬೇಕು. ಮೊದಲನೇ ಅರ್ಜಿ ಮಾತ್ರ ಬಾಯಿ ಮಾತಿಲೆ ಬ್ಯಾಡ, ಯಾರದರ ಕೈಯಾಗ ಕೊಟ್ಟು ಬರೂದೂ ಬ್ಯಾಡ. ಟಪಾಲ್ ಟೇಬಲ್ಲಿಗೆ ಹೋಗಿ ನಿಮ್ಮ ಕಾಪಿ ಮ್ಯಾಲ ಸಿಕ್ಕಾ ಹಾಕಿಸ್ಕೊಳ್ರಿ, ತಾರೀಖು ಓದಾಕ ಬರೂಹಂಗ ಮೂಡೈತೋ ಇಲ್ಲೋ ಅಲ್ಲೇ ನಿಂತು ನೋಡ್ರಿ, ಭಾಳ ಕಡೆ ಸ್ಟ್ಯಾಂಪ್ ಪ್ಯಾಡಿನ್ಯಾಗ ಶಾಯಿ ಇರೂದಿಲ್ಲ.